ಟವರ್ ಬೇಕು, ಪಾರ್ಕಿನಲ್ಲಿ ಬೇಡ: ನಮ್ಮ ಬಡಾವಣೆಯ ಸಂಘಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕಾರ್ಯಕಾರಿ ಸಮಿತಿಯವರು ಹಾಗೂ ಸಮಸ್ತ ಸದಸ್ಯರು,
ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ,
ಮೈಸೂರು.

ವಿಷಯ: ಬಡಾವಣೆಯ ಉದ್ಯಾನದಲ್ಲಿ ಮೊಬೈಲ್ ಟವರ್ ನಿಲ್ಲಿಸಲು ಒಪ್ಪಿಗೆ ಕೊಡುವ ಪ್ರಸ್ತಾವದ ಕುರಿತು.

ಮಾನ್ಯರೇ,

ಸರ್ವ ಸದಸ್ಯರ ಸಭೆಗೆಂದು ಸಂಘ ಕಳುಹಿಸಿರುವ ತಿಳಿವಳಿಕೆ ಪತ್ರದಲ್ಲಿ ಲೆಕ್ಕಪತ್ರ ಮಂಡನೆ, ನೀರಿನ ಶುಲ್ಕದ ಪರಿಷ್ಕರಣೆ, ಬೀದಿನಾಯಿಗಳ ಹಾವಳಿ ಮೊದಲಾದ ವಿಷಯಗಳೆಲ್ಲ ಬಿಡಿಬಿಡಿಯಾಗಿ ನಮೂದಾಗಿವೆ. ಉದ್ಯಾನದಲ್ಲಿ ಮೊಬೈಲ್ ಟವರ್ ನಿಲ್ಲಿಸುವ ವಿಷಯ ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ‘ಅಧ್ಯಕ್ಷರ ಅನುಮತಿ ಪಡೆದು ಚರ್ಚಿಸುವ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಡಿ ಅದನ್ನು ಎತ್ತಿಕೊಂಡು, ಜನ ಊಟಕ್ಕೆ ಏಳುವ ಹೊತ್ತಿಗೆ ಕೈ ಎತ್ತಿಸಿ ನಡಾವಳಿಯಲ್ಲಿ ಬರೆದುಕೊಳ್ಳುವ ಯೋಚನೆಯಿದೆ ಎಂದು ಸಮಿತಿಯವರೇ ಒಬ್ಬರು ನನಗೆ ತಿಳಿಸಿದ್ದಾರೆ. ಹದಿನೈದು ಇಪ್ಪತ್ತು ವರ್ಷ ನಮ್ಮ ನಡುವೆ ನಿಲ್ಲಲಿರುವ ಒಂದು ಕಟ್ಟಡವನ್ನು ಕುರಿತ ತೀರ್ಮಾನ ಹೀಗೆ ಆಗಬಾರದು ಎಂಬ ಕಾರಣಕ್ಕೆ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಾನು ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಟವರಿನ ಬಗ್ಗೆ ನನಗೆ ಹೆದರಿಕೆಯೂ ಇಲ್ಲ, ವಿಶೇಷ ಮೋಹವೂ ಇಲ್ಲ.

ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ. ಉದ್ಯಾನದ ಈಶಾನ್ಯ ಮೂಲೆಯಲ್ಲಿ, ಹೊಂಗೆ ಮರದ ಬುಡಕ್ಕೆ ಅಂಟಿದಂತೆ, ಸುಣ್ಣದ ಪುಡಿಯಲ್ಲಿ ಚೌಕ ಎಳೆದು, ಅದರ ನಡುವೆ ಮೂರು ಕಾಲಿನ ಕಬ್ಬಿಣದ ಸಾಧನವೊಂದನ್ನು ನಿಲ್ಲಿಸಿ ಇಬ್ಬರು ಹುಡುಗರು ಮಣ್ಣು ತೆಗೆಯುತ್ತಿದ್ದರು. ಆಳ ಬರೆದ ಚೀಟಿ ಅಂಟಿಸಿದ್ದ ಪ್ಲಾಸ್ಟಿಕ್ ಚೀಲಗಳಲ್ಲಿ ಆ ಮಣ್ಣನ್ನು ತುಂಬಿ ಮಕ್ಕಳ ಜಾರುಬಂಡೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ವಿಚಾರಿಸಿದಾಗ, “ಟವರ್‌ಗೆ ಸಾಯಿಲ್ ಟೆಸ್ಟ್ ಸಾರ್, ಆಫೀಸಿನವರು ಪರ್ಮಿಷನ್ ಆಗಿದೆ ಅಂದ್ರು” ಎಂದರು. ಅಂದೇ ಸಂಜೆ ಸಮಿತಿಯ ಇಬ್ಬರನ್ನು ಕೇಳಿದೆ. ಒಬ್ಬರು, ಇದು ಬರೀ ಪರಿಶೀಲನೆ, ಇನ್ನೂ ಏನೂ ಆಗಿಲ್ಲ ಎಂದರು. ಇನ್ನೊಬ್ಬರು, ಬಾಡಿಗೆಯೂ ಮಾತಾಗಿದೆ, ಸಹಿಯೊಂದೇ ಬಾಕಿ ಎಂದರು. ಒಂದೇ ಸಮಿತಿಯ ಇಬ್ಬರಿಂದ ಒಂದೇ ಸಂಜೆ ಬಂದ ಈ ಎರಡು ಉತ್ತರಗಳೇ ಮುಂದಿನ ಗೊಂದಲಕ್ಕೆಲ್ಲ ಮೂಲವಾದವು. ಮರುದಿನವೇ ಉದ್ಯಾನದ ಗೇಟಿಗೆ ‘ಕ್ಯಾನ್ಸರ್ ಟವರ್ ಬೇಡ’ ಎಂಬ ಫಲಕ ಬಂತು, ಅದರ ಮರುದಿನ ಅದನ್ನು ಯಾರೋ ಹರಿದು ಹಾಕಿದರು. ಈಗ ವಾಕಿಂಗಿಗೆ ಹೋದರೂ ಟವರ್ ಪರ ಇರುವವರು ಒಂದು ಸುತ್ತು, ವಿರೋಧಿಸುವವರು ಇನ್ನೊಂದು ಸುತ್ತು ಹಾಕುವಂತಾಗಿದೆ.

ಟವರಿನ ಅಗತ್ಯವನ್ನು ಅಲ್ಲಗಳೆಯುವವರು ಸಂಜೆ ಏಳರ ಹೊತ್ತಿಗೆ ನಮ್ಮ ಐದನೇ ಅಡ್ಡರಸ್ತೆಗೆ ಬಂದು ನೋಡಬೇಕು. ಗ್ಯಾಸ್ ಸಿಲಿಂಡರ್ ತಂದ ಹುಡುಗ ಗೇಟಿನಲ್ಲಿ ನಿಂತಿರುತ್ತಾನೆ, ಅವನಿಗೆ ಹೇಳಬೇಕಾದ ಓಟಿಪಿ ಬಾರದೆ ಮನೆಯಾಕೆ ಫೋನ್ ಹಿಡಿದು ತಾರಸಿಯ ಮೆಟ್ಟಿಲು ಹತ್ತುತ್ತಿರುತ್ತಾರೆ. ಬ್ಯಾಂಕಿನ ಸಂದೇಶಕ್ಕಾಗಿ ಕಿಟಕಿಯ ಸರಳಿನ ನಡುವೆ ಫೋನ್ ಸಿಕ್ಕಿಸಿಡುವುದು ನಮ್ಮಲ್ಲಿ ರೂಢಿಯೇ ಆಗಿಹೋಗಿದೆ. ಇವು ತೊಂದರೆಗಳಷ್ಟೆ, ಹೇಗೋ ಸಹಿಸಬಹುದು. ಆದರೆ ಕಳೆದ ಮಳೆಗಾಲದಲ್ಲಿ ನೆರೆಮನೆಯ ಹಿರಿಯರೊಬ್ಬರಿಗೆ ರಾತ್ರಿ ಎದೆನೋವು ಬಂದಾಗ ಆಂಬುಲೆನ್ಸಿಗೆ ಮಾಡಿದ ಕರೆ ಮತ್ತೆ ಮತ್ತೆ ಮಧ್ಯದಲ್ಲೇ ಕಡಿದು, ಕೊನೆಗೆ ಮಗ ಕಾರಿನಲ್ಲೇ ಕರೆದೊಯ್ದದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ರಿಂಗ್ ರಸ್ತೆಯ ಆಚೆಗಿನ ಟವರೊಂದೇ ನಮಗೆ ಆಧಾರ. ಅದು ಬಂದಾಗ ಇಲ್ಲಿ ಬಹುಪಾಲು ಖಾಲಿ ನಿವೇಶನಗಳಿದ್ದವು. ಈಗ ಮನೆಗಳು ತುಂಬಿವೆ, ಕಾಂಕ್ರೀಟ್ ಗೋಡೆಗಳು ಎದ್ದಿವೆ, ಪ್ರತಿ ಮನೆಯಲ್ಲೂ ನಾಲ್ಕಾರು ಫೋನುಗಳಿವೆ. ಹೀಗಾಗಿ ಬಡಾವಣೆಗೆ ಇನ್ನೊಂದು ಟವರ್ ಬೇಕು ಎಂಬ ಸಮಿತಿಯ ಮೂಲ ವಾದವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ವಿಕಿರಣದ ಭಯದಿಂದ ವಿರೋಧಿಸುತ್ತಿರುವ ಸ್ನೇಹಿತರಿಗೆ ಇಲ್ಲಿ ಕೆಲವು ಮಾತು ಹೇಳಲೇಬೇಕು, ಏಕೆಂದರೆ ಅವರ ಸಂಕಟ ನಿಜವಾದದ್ದು, ಅವರ ಕೈಗೆ ಸಿಕ್ಕಿರುವ ಮಾಹಿತಿ ಮಾತ್ರ ಅರೆಬರೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರ ಮೇ ತಿಂಗಳಲ್ಲಿ ರೇಡಿಯೊ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವು’ ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಸಾಕ್ಷ್ಯ ಸೀಮಿತವಾಗಿದ್ದು, ಖಚಿತವಾಗಿ ಹೇಳಲಾಗದ ಸಂಗತಿಗಳನ್ನು ಇರಿಸುವ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ. ಆ ವರ್ಗೀಕರಣಕ್ಕೆ ಮುಖ್ಯವಾಗಿ ಆಧಾರವಾದದ್ದು ಕಿವಿಗೆ ಒತ್ತಿ ಹಿಡಿಯುವ ಫೋನಿನ ಬಳಕೆಯ ಅಧ್ಯಯನಗಳೇ ಹೊರತು ದೂರದ ಟವರ್ ಅಲ್ಲ. ಆ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿ 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಂಡುಬಂದಿಲ್ಲ.

ನಮ್ಮ ದೇಶದ ಮಿತಿಯೂ ಸಡಿಲವಾದದ್ದೇನಲ್ಲ. ವಿಕಿರಣದಿಂದ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಆಯೋಗ ಸೂಚಿಸಿದ ಮಿತಿಯ ಹತ್ತನೇ ಒಂದು ಭಾಗಕ್ಕೆ ಟವರ್ ಹೊರಸೂಸುವಿಕೆಯನ್ನು ಇಳಿಸಿ ದೂರಸಂಪರ್ಕ ಇಲಾಖೆ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಆಯೋಗ ಚದರ ಮೀಟರಿಗೆ 4.5 ವ್ಯಾಟ್ ಎಂದರೆ ನಮ್ಮದು 0.45, 1800 ಮೆಗಾಹರ್ಟ್ಸಿಗೆ ಅಲ್ಲಿ 9 ವ್ಯಾಟ್ ಎಂದರೆ ಇಲ್ಲಿ 0.9. ಟವರಿನ ನೇರ ಬುಡದಲ್ಲಿರುವವರಿಗೇ ಹೆಚ್ಚು ಅಪಾಯ ಎಂಬ ನಂಬಿಕೆಯೂ ಸರಿಯಲ್ಲ. ಆಂಟೆನಾ ತನ್ನ ಶಕ್ತಿಯನ್ನು ಅಡ್ಡ ಹಿಡಿದ ಟಾರ್ಚಿನಂತೆ ಮುಂದಕ್ಕೆ, ತುಸು ಕೆಳಮುಖವಾಗಿ ಬಿಡುತ್ತದೆ. ದೂರ ಎರಡರಷ್ಟಾದರೆ ಅದರ ತೀವ್ರತೆ ಸುಮಾರು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಇನ್ನೊಂದು ಕಡೆ, ಸಿಗ್ನಲ್ ಕ್ಷೀಣವಾದಷ್ಟೂ ಟವರನ್ನು ತಲುಪಲು ಫೋನು ತನ್ನ ಪ್ರಸರಣ ಶಕ್ತಿಯನ್ನು ಏರಿಸಿಕೊಳ್ಳುತ್ತದೆ, ಬ್ಯಾಟರಿ ಬೇಗ ಮುಗಿಯುವುದಕ್ಕೂ ಇದೇ ಒಂದು ಕಾರಣ. ಟವರ್ ದೂರವಿರಲಿ ಎನ್ನುವವರು ಆ ಮೂಲಕ ತಮ್ಮ ಕಿವಿಗಂಟಿದ ಫೋನು ಹೆಚ್ಚು ದುಡಿಯಲಿ ಎಂದು ಕೇಳಿದಂತಾಗುತ್ತದೆ.

ಕೆಲವರು 2017ರ ಗ್ವಾಲಿಯರ್ ಪ್ರಕರಣದ ಪತ್ರಿಕಾ ತುಣುಕನ್ನು ಹಂಚುತ್ತಿದ್ದಾರೆ. ಕ್ಯಾನ್ಸರ್ ಪೀಡಿತರೊಬ್ಬರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅಲ್ಲಿನ ಒಂದು ಟವರನ್ನು ನಿಷ್ಕ್ರಿಯಗೊಳಿಸಲು ಹೇಳಿದ್ದು ಹೌದು, ಆ ಆದೇಶ ಆ ಒಂದು ಟವರಿಗೆ ಸಂಬಂಧಿಸಿದ್ದು. 2012ರಲ್ಲಿ ರಾಜಸ್ಥಾನ ಹೈಕೋರ್ಟ್ ಶಾಲೆ, ಆಸ್ಪತ್ರೆ, ಆಟದ ಮೈದಾನಗಳಿಂದ ಟವರ್ ತೆಗೆಸಲು ಆದೇಶಿಸಿದರೆ, ಬರೀ ಆತಂಕದ ಆಧಾರದ ಮೇಲೆ ಟವರ್ ತಡೆಯಲಾಗದು ಎಂಬ ನಿಲುವನ್ನು ಕೇರಳವೂ ಸೇರಿದಂತೆ ಬೇರೆ ಹೈಕೋರ್ಟುಗಳು ತಳೆದಿವೆ. ಇವುಗಳಲ್ಲಿ ತಮಗೆ ಹಿತವಾದ ಒಂದನ್ನು ಮಾತ್ರ ಆರಿಸಿಕೊಂಡು ಗುಂಪಿನಲ್ಲಿ ಹರಿಯಬಿಡುವುದು ಎರಡೂ ಕಡೆಯವರಿಗೆ ತಕ್ಕದ್ದಲ್ಲ. ನಿಜವಾಗಿ ಅನುಮಾನವಿದ್ದವರಿಗೆ ದಾರಿಯಿದೆ. ಇಲಾಖೆ 2017ರಲ್ಲಿ ಆರಂಭಿಸಿದ ತರಂಗ್ ಸಂಚಾರ್ ಜಾಲತಾಣದಲ್ಲಿ ನಮ್ಮ ಸುತ್ತಲಿನ ಟವರುಗಳನ್ನು ನಕ್ಷೆಯಲ್ಲೇ ನೋಡಬಹುದು, ನಿಗದಿತ ಶುಲ್ಕ ಕಟ್ಟಿದರೆ ಇಲಾಖೆಯವರೇ ಬಂದು ನಮ್ಮ ಸಮ್ಮುಖದಲ್ಲಿ ಅಳತೆ ಮಾಡುತ್ತಾರೆ.

ಇಷ್ಟು ಹೇಳಿದ ಮೇಲೆ ಸಮಿತಿಯವರು ನಾನು ಅವರ ಪರ ಎಂದು ತಿಳಿಯಬಾರದು. ನನ್ನ ಆಕ್ಷೇಪಣೆ ಇರುವುದು ಜಾಗದ ಬಗ್ಗೆ, ಕರಾರಿನ ಬಗ್ಗೆ, ಇವೆರಡನ್ನೂ ಮುಚ್ಚಿಟ್ಟ ರೀತಿಯ ಬಗ್ಗೆ.

ಉದ್ಯಾನ ಸಂಘದ ಸ್ವತ್ತಲ್ಲ. ಬಡಾವಣೆಯ ನಕ್ಷೆಗೆ ಮಂಜೂರಾತಿ ಸಿಗುವಾಗ ರಸ್ತೆ, ಚರಂಡಿಗಳ ಜೊತೆಗೆ ಉದ್ಯಾನದ ಜಾಗವನ್ನೂ ಪರಿತ್ಯಾಜನಾ ಪತ್ರದ ಮೂಲಕ ಅಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಡಲಾಗಿದೆ. ಅಲ್ಲಿ ಗಿಡ ನೆಟ್ಟವರು, ಬೆಂಚು ಹಾಕಿಸಿದವರು, ಮಾಲಿಗೆ ಸಂಬಳ ಕೊಡುತ್ತಿರುವವರು ನಾವೇ ಆದರೂ ಅದರಿಂದ ಒಡೆತನ ಬರುವುದಿಲ್ಲ. ಒಡೆತನವಿಲ್ಲದ ಜಾಗವನ್ನು ಬಾಡಿಗೆಗೆ ಕೊಡುವ ಅಧಿಕಾರ ಸಂಘಕ್ಕೆ ಎಲ್ಲಿಂದ ಬರಬೇಕು? ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಉಳಿಸುವುದಕ್ಕೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ರಾಜ್ಯ ಸರ್ಕಾರದ ಆದೇಶದಂತೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದ ಅಂದು ಬಂದಿತ್ತು. ಆದರೂ 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ. ಬಯಲು ಜಾಗವೆಂಬುದು ನಿವಾಸಿಗಳೆಲ್ಲರ ಹಿತಕ್ಕಾಗಿ ಇಟ್ಟದ್ದು, ಅಧಿಕಾರದಲ್ಲಿ ಇರುವವರು ಮನಸ್ಸಿಗೆ ಬಂದಂತೆ ಖಾಸಗಿಯವರಿಗೆ ಕೊಡುವಂಥದ್ದಲ್ಲ ಎಂಬುದು ಆ ತೀರ್ಪಿನ ತಿರುಳು. ರಾಜ್ಯ ಸರ್ಕಾರದ ಮಾತೇ ನಿಲ್ಲದ ಕಡೆ ನಮ್ಮ ಸಂಘದ ಠರಾವು ನಿಲ್ಲುತ್ತದೆಯೇ ಎಂಬುದನ್ನು ಸಮಿತಿಯಲ್ಲಿರುವ ವಕೀಲರೇ ಹೇಳಬೇಕು.

ಇನ್ನು ಕರಾರು. ಕರಡಿನ ಪ್ರತಿಯನ್ನು ಸದಸ್ಯರಿಗೆ ಕೊಟ್ಟಿಲ್ಲ. ಕಚೇರಿಯಲ್ಲಿ ಕೂತು ಓದಲು ನನಗೆ ಸಿಕ್ಕಿತು, ಫೋಟೊ ತೆಗೆಯಲು ಬಿಡಲಿಲ್ಲ. ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನ ಬಾಡಿಗೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದರ ಕೆಳಗಿನ ಷರತ್ತುಗಳು ಸಣ್ಣ ಅಕ್ಷರದಲ್ಲಿವೆ. ಕಂಪನಿಗೆ ಬೇಡವೆನಿಸಿದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು, ನಮಗೆ ಬೇಡವೆನಿಸಿದರೆ ಅವಧಿ ಮುಗಿಯುವವರೆಗೆ ಬಿಡಿಸಲಾಗದು. ಟವರ್ ಹಾಕುವವರು ಸೇವೆ ಕೊಡುವ ಮೊಬೈಲ್ ಕಂಪನಿಯವರಲ್ಲ. ಟವರ್ ಕಟ್ಟಿ ಹಲವು ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಡುವುದೇ ಇಂಥವರ ವ್ಯವಹಾರ. ಹಾಗಾಗಿ ಮುಂದೆ ಎಷ್ಟು ಕಂಪನಿ ಬಂದು ಎಷ್ಟು ಆಂಟೆನಾ ಏರಿಸಿದರೂ ನಮ್ಮನ್ನು ಕೇಳಬೇಕಾಗಿಲ್ಲ, ಬಾಡಿಗೆಯೂ ಅದಕ್ಕೆ ತಕ್ಕಂತೆ ಏರಬೇಕಾಗಿಲ್ಲ ಎಂಬ ಷರತ್ತು ಅದರಲ್ಲಿದೆ. ಟವರಿನ ಮೇಲೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆ ಹಾಕಬಹುದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೆರಿಗೆಯನ್ನು ಯಾರು ಕಟ್ಟಬೇಕೆಂದು ಕರಡಿನಲ್ಲಿ ಒಂದಕ್ಷರವಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಅದರ ಮುದ್ರಾಂಕ ಶುಲ್ಕದ ಮಾತೂ ಇಲ್ಲ. ಸದಸ್ಯರ ವಂತಿಗೆಯಂತೆ ಈ ಬಾಡಿಗೆಯೂ ತೆರಿಗೆಯಿಂದ ಹೊರಗೆ ಎಂದು ಖಜಾಂಚಿಯವರು ಭಾವಿಸಿದ್ದರೆ ಲೆಕ್ಕ ಪರಿಶೋಧಕರನ್ನು ಒಮ್ಮೆ ಕೇಳುವುದು ಒಳ್ಳೆಯದು. ಹೊರಗಿನವರಿಂದ ಬರುವ ಬಾಡಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ.

ಕಂಪನಿಯ ಪ್ರತಿನಿಧಿಗಳು ತಂದ ಚಿತ್ರದಲ್ಲಿ ಟವರ್ ಒಂದೇ ಇದೆ, ಅದರ ಬುಡದಲ್ಲಿ ಬರುವುದು ಯಾವುದೂ ಇಲ್ಲ. ಸೆಸ್ಕ್ ವಿದ್ಯುತ್ ಹೋದಾಗ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಡೀಸೆಲ್ ಜನರೇಟರ್ ಶುರುವಾಗುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಶಬ್ದ 45 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಉದ್ಯಾನಕ್ಕೂ ಎದುರಿನ ಮನೆಗಳಿಗೂ ನಡುವೆ ಇರುವುದು ಮೂವತ್ತು ಅಡಿ ರಸ್ತೆಯೊಂದೇ, ಅದರಲ್ಲಿ ಒಂದು ಮನೆಯವರು ಹಾಸಿಗೆ ಹಿಡಿದ ತಾಯಿಯನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದಾರೆ. ಡೀಸೆಲ್ ತುಂಬುವ ಗಾಡಿ, ದುರಸ್ತಿಗೆ ಅಪರಾತ್ರಿಯಲ್ಲಿ ಬರುವ ತಂಡ, ಸುತ್ತ ಮುಳ್ಳುತಂತಿಯ ಬೇಲಿ ಇವೆಲ್ಲ ಬಂದ ಮೇಲೆ ಆ ಮೂಲೆಯಲ್ಲಿ ಮಕ್ಕಳ ಆಟಕ್ಕೆ ಎಷ್ಟು ಜಾಗ ಉಳಿದೀತು ಎಂಬುದನ್ನು ಸಮಿತಿ ಅಳತೆ ಮಾಡಿ ನೋಡಿದಂತಿಲ್ಲ. ಹೊಂಗೆ ಮರದ ಗತಿಯನ್ನೂ ಯಾರೂ ಹೇಳಿಲ್ಲ.

ಪಾರ್ಕ್ ಬೇಡವಾದರೆ ಸಮುದಾಯ ಭವನದ ತಾರಸಿಯಲ್ಲಿ ಕಂಬ ನೆಡೋಣ, ಎತ್ತರ ಕಡಿಮೆ, ಎಲ್ಲರಿಗೂ ಸಮಾಧಾನ ಎಂಬ ರಾಜಿ ಸೂತ್ರವೊಂದು ಈಗ ಓಡಾಡುತ್ತಿದೆ. ವಿಕಿರಣದ ದೃಷ್ಟಿಯಿಂದ ನೋಡಿದರೆ ಇದು ಮೊದಲಿನದಕ್ಕಿಂತಲೂ ಕೆಟ್ಟ ಆಯ್ಕೆ. ನಲವತ್ತು ಮೀಟರ್ ಎತ್ತರದ ಟವರಿನ ಕಿರಣ ನಮ್ಮ ಎರಡಂತಸ್ತಿನ ಮನೆಗಳ ಮೇಲಿಂದ ಹಾದುಹೋಗುತ್ತದೆ. ಭವನದ ತಾರಸಿಯ ಗಿಡ್ಡ ಕಂಬದ ಆಂಟೆನಾಗಳು ಎದುರು ಸಾಲಿನ ಮೂರಂತಸ್ತಿನ ಮನೆಗಳ ಮಲಗುವ ಕೋಣೆಗೆ ಸರಿಸಮನಾಗಿ ನಿಲ್ಲುತ್ತವೆ. ದೂರಸಂಪರ್ಕ ಇಲಾಖೆ 2013ರ ಆಗಸ್ಟ್ 1ರಂದು ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯಲ್ಲಿ ಈ ಸನ್ನಿವೇಶಕ್ಕೇ ಅಂತರ ಸೂಚಿಸಿದೆ: ಆಂಟೆನಾದ ಮುಂದೆ ಅದೇ ಎತ್ತರದಲ್ಲಿ, ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಿದ್ದರೆ 35, ನಾಲ್ಕಿದ್ದರೆ 45, ಆರಿದ್ದರೆ 55 ಮೀಟರ್ ಒಳಗೆ ಕಟ್ಟಡ ಇರಬಾರದು. ನಮ್ಮ ಭವನದ ಮುಂದೆ ಅಷ್ಟು ಜಾಗವಿಲ್ಲ. ಅದೂ ಅಲ್ಲದೆ ಹಳೆಯ ಕಟ್ಟಡದ ತಾರಸಿ ಅಷ್ಟು ಭಾರ ಮತ್ತು ಗಾಳಿಯ ಒತ್ತಡವನ್ನು ತಡೆಯುತ್ತದೆಯೇ ಎಂಬುದಕ್ಕೆ ರಚನಾ ಎಂಜಿನಿಯರರ ಪ್ರಮಾಣಪತ್ರ ಬೇಕು. ಮಳೆಗಾಲದಲ್ಲಿ ಆ ಭವನದ ಒಳಗೆ ಬಕೆಟ್ ಇಟ್ಟು ಮದುವೆ ಮಾಡಿದ್ದನ್ನು ಕಂಡವರು ನಾವು.

ಹಾಗಾದರೆ ಎಲ್ಲಿ ಎಂದು ಕೇಳುವುದು ನ್ಯಾಯ. ಬಡಾವಣೆಯ ಪಶ್ಚಿಮ ಅಂಚಿನಲ್ಲಿ ರಿಂಗ್ ರಸ್ತೆಗೆ ಮುಖ ಮಾಡಿದ ವಾಣಿಜ್ಯ ನಿವೇಶನಗಳಿವೆ, ಅವುಗಳ ಹಿಂದೆ ಮನೆಗಳಿಲ್ಲದ ಗೋದಾಮುಗಳ ಸಾಲಿದೆ. ಅಲ್ಲಿಯ ಮಾಲೀಕರಲ್ಲಿ ಒಬ್ಬರು ಜಾಗ ಕೊಡಲು ಸಿದ್ಧರಿರುವುದಾಗಿ ನನ್ನಲ್ಲಿ ಹೇಳಿದ್ದಾರೆ. ಬಾಡಿಗೆ ಅವರಿಗೆ ಹೋಗುತ್ತದೆ, ಸಂಘಕ್ಕೆ ಬರುವುದಿಲ್ಲ. ಪ್ರಾಯಶಃ ಸಮಿತಿಯ ಕಣ್ಣು ಆ ಕಡೆ ಹೋಗದಿರಲು ಇದೇ ಕಾರಣ ಎಂದರೆ ಯಾರೂ ಬೇಸರಿಸಬಾರದು. ರಿಂಗ್ ರಸ್ತೆಯಾಚೆಯ ಹಳೆಯ ಟವರಿನಲ್ಲಿ ಈಗಿಲ್ಲದ ಕಂಪನಿಗಳೂ ಆಂಟೆನಾ ಹಾಕಿಕೊಳ್ಳಲು ಅವಕಾಶವಿದೆಯೇ ಎಂದು ವಿಚಾರಿಸಬಹುದು. ಬಡಾವಣೆಯ ಒಳಗಿನ ಕುರುಡು ಮೂಲೆಗಳಿಗೆ ಬೀದಿದೀಪದ ಕಂಬಕ್ಕೆ ಕಟ್ಟುವ ಸಣ್ಣ ಉಪಕರಣಗಳು ಬಂದಿವೆ. 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ನಗರಗಳಲ್ಲಿ ಇಂಥ ಕಂಬವೊಂದಕ್ಕೆ ವರ್ಷಕ್ಕೆ 300 ರೂಪಾಯಿಯ ಶುಲ್ಕ ನಿಗದಿಪಡಿಸಿತ್ತು. ಇವುಗಳಲ್ಲಿ ಒಂದನ್ನೂ ಪರಿಶೀಲಿಸದೆ ನೇರವಾಗಿ ಪಾರ್ಕಿಗೆ ಬಂದದ್ದು ಕಂಪನಿಗೆ ಅನುಕೂಲವಾಗಿರಬಹುದು, ನಮಗಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಖಾಸಗಿ ಜಾಗದಲ್ಲಿ ಟವರ್ ಹಾಕಲು ಸ್ಥಳೀಯ ಸಂಸ್ಥೆಯ ಪೂರ್ವಾನುಮತಿಯ ಅಗತ್ಯವನ್ನು ಕೇಂದ್ರದ ಹೊಸ ನಿಯಮಗಳು ಬಹಳಮಟ್ಟಿಗೆ ಸಡಿಲಿಸಿವೆ. ಸಹಿ ಹಾಕಿದ ಮೇಲೆ ಪಾಲಿಕೆಗೆ ದೂರು ಕೊಟ್ಟು ತಡೆಸಬಹುದು ಎಂದು ಯಾರಾದರೂ ನಂಬಿದ್ದರೆ ಆ ನಂಬಿಕೆಯನ್ನು ಬಿಡುವುದು ಮೇಲು. ಷರತ್ತು ಹಾಕುವ ಶಕ್ತಿ ನಮಗಿರುವುದು ಸಹಿಗೆ ಮುಂಚೆ ಮಾತ್ರ.

ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ ಹೀಗಿದೆ. ಈ ವಿಷಯವನ್ನು ‘ಇತರ ವಿಷಯಗಳು’ ಎಂಬ ಸಾಲಿನಿಂದ ತೆಗೆದು, ಪ್ರತ್ಯೇಕ ವಿಷಯವಾಗಿ ನಮೂದಿಸಿ, ಬೈಲಾ ಪ್ರಕಾರ ಬೇಕಾದ ಮುಂಗಡ ಸೂಚನೆಯೊಂದಿಗೆ ವಿಶೇಷ ಸಭೆ ಕರೆಯಬೇಕು. ಅದಕ್ಕೆ ಮುನ್ನ ಕರಡು ಕರಾರಿನ ಪೂರ್ಣ ಪ್ರತಿ ಪ್ರತಿ ಮನೆಗೂ ತಲುಪಬೇಕು. ಉದ್ಯಾನದ ಪ್ರಸ್ತಾವವನ್ನು ಈಗಲೇ ಕೈಬಿಟ್ಟಿರುವುದಾಗಿ ಲಿಖಿತವಾಗಿ ತಿಳಿಸಿ, ಮಣ್ಣು ತೆಗೆದ ಗುಂಡಿಗಳನ್ನು ಮುಚ್ಚಿಸಬೇಕು. ಒಂದಕ್ಕೆ ಬರೀ ಗೋಣಿಚೀಲ ಹೊದಿಸಿದ್ದಾರೆ, ಮಕ್ಕಳು ಅದರ ಮೇಲೆ ಓಡಾಡುತ್ತಿದ್ದಾರೆ. ಪಶ್ಚಿಮದ ವಾಣಿಜ್ಯ ನಿವೇಶನದ ಮಾಲೀಕರೊಡನೆ ಮತ್ತು ಕಂಪನಿಯೊಡನೆ ಮಾತನಾಡಲು ವಿರೋಧಿಸುತ್ತಿರುವವರನ್ನೂ ಸೇರಿಸಿಕೊಂಡು ಒಂದು ಸಣ್ಣ ಉಪಸಮಿತಿ ಮಾಡಬೇಕು. ಅಲ್ಲಿ ಟವರ್ ಬರುವುದಾದರೆ ಶಬ್ದ ನಿಯಂತ್ರಿಸಿದ ಜನರೇಟರ್, ರಚನಾ ಭದ್ರತೆಯ ಪ್ರಮಾಣಪತ್ರ, ಚಾಲನೆಯಾದ ಕೂಡಲೇ ಒಮ್ಮೆ ಮತ್ತು ಆಂಟೆನಾ ಸೇರಿಸಿದಾಗಲೆಲ್ಲ ವಿಕಿರಣದ ಅಳತೆ, ಅದರ ಫಲಿತಾಂಶವನ್ನು ಸಂಘದ ಸೂಚನಾ ಫಲಕದಲ್ಲಿ ಹಾಕುವುದು ಇವನ್ನು ಕಂಪನಿಯಿಂದ ಬರಹದಲ್ಲಿ ಪಡೆಯಬೇಕು.

ವಿರೋಧಿಸುತ್ತಿರುವ ಸದಸ್ಯರಲ್ಲಿಯೂ ಒಂದು ಕೋರಿಕೆ: ದಯವಿಟ್ಟು ‘ಕ್ಯಾನ್ಸರ್ ಟವರ್’ ಎಂಬ ಫಲಕವನ್ನು ಮತ್ತೆ ಹಾಕಬೇಡಿ. ಉದ್ಯಾನದ ಒಡೆತನದ ಪ್ರಶ್ನೆ ಕೇಳಿದರೆ ಸಮಿತಿ ಉತ್ತರ ಕೊಡಲೇಬೇಕಾಗುತ್ತದೆ. ಕ್ಯಾನ್ಸರಿನ ಪ್ರಶ್ನೆ ಕೇಳಿದರೆ ಕಂಪನಿಯವರು ಒಂದು ಕರಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಪರಿತ್ಯಾಜನಾ ಪತ್ರದ ದೃಢೀಕೃತ ನಕಲಿಗಾಗಿ ಪ್ರಾಧಿಕಾರಕ್ಕೆ ನಾನು ಈಗಾಗಲೇ ಅರ್ಜಿ ಹಾಕಿದ್ದೇನೆ. ಅದು ಕೈಸೇರಿದ ಕೂಡಲೇ ಸಂಘದ ಕಚೇರಿಗೆ ಒಂದು ಪ್ರತಿ ಕೊಡುತ್ತೇನೆ. ಅಲ್ಲಿಯವರೆಗೆ ಯಾವುದೇ ಕರಾರಿಗೆ ಸಹಿ ಹಾಕಬಾರದೆಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಸಹಿ ಹಾಕಿದ್ದೇ ಆದರೆ ಈ ಪತ್ರವನ್ನೇ ಲಗತ್ತಿಸಿ ಪ್ರಾಧಿಕಾರದ ಆಯುಕ್ತರಿಗೂ ಜಿಲ್ಲಾಧಿಕಾರಿಗಳಿಗೂ ದೂರು ಸಲ್ಲಿಸುವುದು ನನಗೆ ಅನಿವಾರ್ಯವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಐದನೇ ಅಡ್ಡರಸ್ತೆಯ ಒಬ್ಬ ಸದಸ್ಯ